ಮುಂಬಯಿಯಲ್ಲಿ ಹತ್ತನೇ ಕ್ಲಾಸು: ಪ್ರಿಲಿಮ್‌ನಿಂದ ಕಾಲೇಜಿನ ಬಾಗಿಲವರೆಗೆ

ಜನವರಿ ಕೊನೆಯ ಒಂದು ಭಾನುವಾರ ಕಲ್ವಾದಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ರಿಲಿಮ್, ಅಂದರೆ ಬೋರ್ಡ್ ಪರೀಕ್ಷೆಗೆ ಮೊದಲು ಶಾಲೆಯಲ್ಲೇ ನಡೆಯುವ ತಾಲೀಮು ಪರೀಕ್ಷೆಯ, ಮಾರ್ಕ್ಸ್ ಬರೆದ ಚೀಟಿ ಇತ್ತು.

"ಮಾಷ್ಟ್ರೇ, ಇವನಿಗೆ ಲೆಕ್ಕ ತಲೆಗೇ ಹತ್ತುದಿಲ್ಲ. ಸುಮ್ನೆ ಕಾಮರ್ಸಿಗೆ ಹಾಕುವಾ ಅಂತ ಇವನ ಅಪ್ಪ ಹೇಳ್ತಿದ್ದಾರೆ" ಎಂದರು.

ಚೀಟಿ ಬೇಡ, ಉತ್ತರಪತ್ರಿಕೆ ಕೊಡಿ ಎಂದೆ. ಹುಡುಗ ಬ್ಯಾಗಿನ ತಳದಿಂದ ನಾಲ್ಕು ಮಡಿಕೆ ಮಾಡಿದ್ದ ಜ್ಯಾಮಿತಿಯ ಪತ್ರಿಕೆ ತೆಗೆದ. ವೃತ್ತದ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವ ಪ್ರಶ್ನೆ. ಚಿತ್ರ ಅಚ್ಚು ಹಾಕಿದ ಹಾಗಿತ್ತು. ಪಕ್ಕದಲ್ಲಿ ಮಾತ್ರ ಕೆಂಪು ಶಾಯಿಯ ಪ್ರಶ್ನೆ: ಕಂಸಗಳು ಎಲ್ಲಿ? ಹುಡುಗ ಕೈವಾರದಲ್ಲಿ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. "ಚಂದ ಕಾಣ್ಲಿ ಅಂತ ಕಂಸ ಎಲ್ಲ ರಬ್ಬರಲ್ಲಿ ಒರೆಸಿದೆ ಸರ್" ಎಂದ.

ಬೀಜಗಣಿತದಲ್ಲಿ ಮಾತಿನ ಲೆಕ್ಕಗಳನ್ನೆಲ್ಲ ಬಿಟ್ಟಿದ್ದ. ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಕೂಡಿಸುವ ಲೆಕ್ಕವೊಂದನ್ನು ಇಂಗ್ಲಿಷಿನಲ್ಲಿ ಓದಿಸಿದೆ, ಹುಡುಗ ಸುಮ್ಮನೆ ಕೂತ. ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಮೀಕರಣ ತಾನೇ ಬರೆದ. ಲೆಕ್ಕ ಬರುತ್ತಿತ್ತು, ಪ್ರಶ್ನೆ ಓದಲು ಬರುತ್ತಿರಲಿಲ್ಲ. ಮಾರ್ಕ್ಸ್ ಚೀಟಿ ನೋಡಿ ಇದು ಯಾರಿಗಾದರೂ ಗೊತ್ತಾಗುತ್ತಿತ್ತಾ?

ನಾನು ತುಂಬ ವರ್ಷ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವನು. ಈಗ ಮಕ್ಕಳಿಗೆ ಫಾರ್ಮ್ ತುಂಬಿಸಿ ಕೊಡುವುದು, ಪತ್ರಿಕೆ ನೋಡಿ ಕೊಡುವುದು ನನ್ನ ಭಾನುವಾರದ ಕೆಲಸ. ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಹತ್ತನೆಯ ವರ್ಷದ ಗಲಾಟೆ ಶುರುವಾಗುವುದು ರಿಸಲ್ಟ್ ಬಂದ ದಿನ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ತಡವಾಗಿರುತ್ತದೆ. ಪ್ರಿಲಿಮ್ ಪತ್ರಿಕೆ ಕೈಗೆ ಬಂದ ದಿನವೇ ಶುರು ಮಾಡಿದರೆ ಓದು, ಸೀಟು, ದಾಖಲೆ ಮೂರೂ ನೆಟ್ಟಗಾಗುತ್ತವೆ. ಹೇಗೆಂದು ಒಂದೊಂದಾಗಿ ಬರೆಯುತ್ತೇನೆ.

1. ಉತ್ತರಪತ್ರಿಕೆ ಬಿಚ್ಚಿ ಕೂತುಕೊಳ್ಳಿ

ಒಂದು ಸಂಜೆ ಟಿವಿ ಬಂದ್ ಮಾಡಿ ಮಗುವಿನ ಜೊತೆ ಕೂತುಕೊಳ್ಳಿ. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಯಲ್ಲಿ ನಾಲ್ಕು ಕಾಲಂ ಹಾಕಿ. ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಪ್ರಶ್ನೆ ಅರ್ಥವಾಗಲಿಲ್ಲ, ಸಮಯ ಸಾಲಲಿಲ್ಲ. ಹೋದ ಒಂದೊಂದು ಅಂಕವನ್ನೂ ಈ ನಾಲ್ಕರಲ್ಲಿ ಒಂದು ಕಡೆ ಬರೆಯಬೇಕು. ಬರೆಯುವವರು ಮಗುವೇ, ನೀವಲ್ಲ.

ಎಷ್ಟೋ ಮನೆಗಳಲ್ಲಿ ಈ ಹಾಳೆ ನೋಡಿ ಅಪ್ಪ ಅಮ್ಮ ಮೂಕರಾಗಿದ್ದಾರೆ. ಓದಿಲ್ಲ ಎಂದು ಬೈಸಿಕೊಂಡ ಮಗುವಿನ ಮೊದಲ ಕಾಲಂ ಚಿಕ್ಕದಿರುತ್ತದೆ, ಎರಡನೆಯದು ಮತ್ತು ನಾಲ್ಕನೆಯದು ಉದ್ದ ಇರುತ್ತದೆ. ಅಂಥ ಮಗುವಿಗೆ ಇನ್ನೊಂದು ಕ್ಲಾಸ್ ಹಚ್ಚಿ ಉಪಯೋಗವಿಲ್ಲ. ಗಡಿಯಾರ ಇಟ್ಟು ಬರೆಸಬೇಕು. ಮೂರನೆಯ ಕಾಲಂ ಉದ್ದ ಇದ್ದರೆ ತೊಂದರೆ ಭಾಷೆಯದ್ದು, ಬುದ್ಧಿಯದ್ದಲ್ಲ. ದಿನಕ್ಕೆ ಐದು ಮಾತಿನ ಲೆಕ್ಕ ಜೋರಾಗಿ ಓದಿಸಿ, ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಬಿಡಿಸಲು ಹೇಳಿ. ಕಲ್ವಾದ ಹುಡುಗನಿಗೆ ನಾನು ಮಾಡಿಸಿದ್ದು ಇಷ್ಟೇ.

ಈ ಹಾಳೆ ಬಿಸಾಡಬೇಡಿ. ಸೈನ್ಸ್, ಕಾಮರ್ಸ್ ಎಂದು ಮಾತು ಬರುವಾಗ ಮತ್ತೆ ಬೇಕು.

2. ಪತ್ರಿಕೆಯ ಅಂಕ ಎಲ್ಲಿದೆ ಎಂದು ತಿಳಿದು ಓದಿ

ಮಹಾರಾಷ್ಟ್ರದ ಹತ್ತನೆಯ ಬೋರ್ಡ್ ಪರೀಕ್ಷೆ ಎಸ್‌ಎಸ್‌ಸಿಯಲ್ಲಿ ಒಟ್ಟು 600 ಅಂಕ. ಶೇಕಡಾ ಲೆಕ್ಕ ಹಾಕುವುದು ಜಾಸ್ತಿ ಅಂಕ ಬಂದ ಐದು ವಿಷಯಗಳಿಗೆ, ಅಂದರೆ 500ಕ್ಕೆ. ಇದನ್ನೇ ಬೆಸ್ಟ್ ಆಫ್ ಫೈವ್ ಅನ್ನುವುದು. ಪಾಸಾಗಲು ಮಾತ್ರ ಆರೂ ವಿಷಯ ಬೇಕು, ಸಾಮಾನ್ಯವಾಗಿ 100ಕ್ಕೆ 35. ಒಂದು ವಿಷಯ ಕೈಕೊಟ್ಟರೂ ಶೇಕಡಾ ಬೀಳುವುದಿಲ್ಲ ಎನ್ನುವ ಧೈರ್ಯಕ್ಕೆ ಇದು ಸಾಕು, ಆ ವಿಷಯವನ್ನು ಪೂರ್ತಿ ಕೈಬಿಡಲು ಇದು ನೆಪವಾಗಬಾರದು.

ಭಾಷೆಗಳಿಗೆ 80 ಅಂಕದ ಮೂರು ಗಂಟೆಯ ಪತ್ರಿಕೆ, ಉಳಿದ 20 ಶಾಲೆಯಲ್ಲೇ. ಗಣಿತ ಎರಡು ಪತ್ರಿಕೆ, ಬೀಜಗಣಿತ 40, ಜ್ಯಾಮಿತಿ 40. ವಿಜ್ಞಾನವೂ ಹಾಗೇ ಎರಡು ಭಾಗ. ಈ 40ರ ಪತ್ರಿಕೆಗಳಿಗೆ ಎರಡೇ ಗಂಟೆ. ಒಂದು ಅಂಕಕ್ಕೆ ಮೂರು ನಿಮಿಷ ಅಂದಂಗಾಯಿತು. 4 ಅಂಕದ ಲೆಕ್ಕಕ್ಕೆ ಇಪ್ಪತ್ತೈದು ನಿಮಿಷ ಕೊಟ್ಟ ಮಗು ಕೊನೆಯಲ್ಲಿ ಏನು ಬಿಟ್ಟು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಬೀಜಗಣಿತದ ಪತ್ರಿಕೆಯನ್ನು ಹತ್ತಿರದಿಂದ ನೋಡಿ. ಮೊದಲ ಪ್ರಶ್ನೆಯಲ್ಲಿ ಸರಿ ಉತ್ತರ ಆರಿಸುವ 4 ಅಂಕ, ಒಂದೊಂದು ಅಂಕದ ಸಣ್ಣ ಲೆಕ್ಕಗಳ 4 ಅಂಕ. ಎರಡನೆಯದರಲ್ಲಿ ಖಾಲಿ ಜಾಗ ತುಂಬುವ ಆಕ್ಟಿವಿಟಿಗಳಿಗೆ 4, ಎರಡು ಅಂಕದ ಲೆಕ್ಕಗಳಿಗೆ 8. ಇಲ್ಲಿಗೇ 20 ಆಯಿತು. ಅರ್ಧ ಪತ್ರಿಕೆ ಒಂದು, ಎರಡು ಅಂಕದ ಪ್ರಶ್ನೆಗಳಲ್ಲೇ ಮುಗಿದು ಹೋಯಿತು! ಗಣಿತ ಕಂಡರೆ ಹೆದರುವ ಮಗುವಿಗೆ ಮೊದಲು ಈ 20ನ್ನು ಗಟ್ಟಿ ಮಾಡಿಸಿ. ಕೊನೆಯ 3, 4 ಅಂಕದ ಕಠಿಣ ಲೆಕ್ಕಗಳ ಹಿಂದೆ ಬಿದ್ದು ಸುಲಭದ್ದನ್ನು ಕಳೆದುಕೊಳ್ಳುವ ಮಕ್ಕಳೇ ಜಾಸ್ತಿ.

ಜ್ಯಾಮಿತಿಯಲ್ಲಿ ರಚನೆಯ ಕಂಸಗಳನ್ನು ಒರೆಸಬಾರದು. ಪರೀಕ್ಷಕರಿಗೆ ಬೇಕಾದದ್ದು ನೀವು ಹೇಗೆ ಎಳೆದಿರಿ ಎಂಬ ಗುರುತು. ವಿಜ್ಞಾನದ ಚಿತ್ರಗಳಿಗೆ ಪೆನ್ಸಿಲ್, ಹೆಸರು ಒಂದೇ ಬದಿಗೆ. ಇತಿಹಾಸದಲ್ಲಿ ಕತೆ ಬೇಡ, ಅಂಶಗಳು ಬೇಕು.

ಶಾಲೆಯಲ್ಲೇ ಕೊಡುವ 20 ಅಂಕವನ್ನು ಎಲ್ಲರೂ ಹಗುರ ಮಾಡುತ್ತಾರೆ. ಮೌಖಿಕ ಪರೀಕ್ಷೆ, ಪ್ರಾಕ್ಟಿಕಲ್ ಜರ್ನಲ್, ಹೋಮ್‌ವರ್ಕ್ ವಹಿ ಎಲ್ಲ ಇದರೊಳಗೆ ಬರುತ್ತವೆ. ಜರ್ನಲ್ ಸರ್ಟಿಫೈ ಆಗಿದೆಯಾ ಎಂದು ಫೆಬ್ರವರಿಗೆ ಮೊದಲೇ ಕೇಳಿ. ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದರೆ, ಶಾಸ್ತ್ರೀಯ ಸಂಗೀತ, ನೃತ್ಯ ಅಥವಾ ಆಟದಲ್ಲಿ ಸರ್ಟಿಫಿಕೇಟ್ ಇದ್ದರೆ ನಿಯಮದ ಪ್ರಕಾರ ಹೆಚ್ಚುವರಿ ಅಂಕ ಸಿಗುತ್ತದೆ. ಅದಕ್ಕೆ ಪ್ರಸ್ತಾವ ಶಾಲೆಯಿಂದಲೇ ಹೋಗಬೇಕು. ನಮ್ಮ ಮಕ್ಕಳು ಎಷ್ಟು ಜನ ಭರತನಾಟ್ಯ ಕಲಿಯುತ್ತಾರೆ, ಅಲ್ವಾ? ಸರ್ಟಿಫಿಕೇಟ್ ಕಪಾಟಿನಲ್ಲೇ ಇದ್ದರೆ ಅಂಕ ಬರುವುದಿಲ್ಲ.

3. ಹೆಸರು ಮತ್ತು ಮಾತೃಭಾಷೆ ಈಗಲೇ ನೋಡಿಕೊಳ್ಳಿ

ಈ ಹೆಜ್ಜೆ ನಮ್ಮವರಿಗೆಂದೇ ಬರೆಯುತ್ತಿದ್ದೇನೆ. ಮರಾಠಿ ಮನೆಗಳಲ್ಲಿ ಈ ತೊಂದರೆ ಇಲ್ಲ.

ಮಹಾರಾಷ್ಟ್ರದಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ತಾಯಿಯ ಹೆಸರೂ ಬೇರೆಯಾಗಿ ಇರುತ್ತದೆ. ಬೆಂಗಳೂರು, ಮೈಸೂರು ಕಡೆಯವರಿಗೆ ಮನೆತನದ ಹೆಸರೇ ಇರುವುದಿಲ್ಲ, ಇನಿಷಿಯಲ್ ಮಾತ್ರ. ಶಾಲೆಗೆ ಸೇರಿಸುವಾಗ ಗುಮಾಸ್ತರು ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಸರ್‌ನೇಮ್ ಮಾಡಿ ಬರೆದಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು, ಶಾಲೆಯಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು. ಹಾಲ್ ಟಿಕೆಟ್ ಬಂದ ಕೂಡಲೇ ಅಕ್ಷರ ಅಕ್ಷರ ನೋಡಿ. ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಫೋಟೋ, ವಿಷಯಗಳು, ಮಾಧ್ಯಮ. ಮುಖ್ಯಾಧ್ಯಾಪಕರ ಸಹಿ, ಸೀಲು ಇರಲೇಬೇಕು. ತಪ್ಪಿದ್ದರೆ ಅದೇ ದಿನ ಶಾಲೆಯಲ್ಲಿ ಬರೆದು ಕೊಡಿ.

ಇನ್ನೊಂದು ಮಾತೃಭಾಷೆಯ ಕಾಲಂ. ಇದು ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಇರುತ್ತದೆ, ಅಲ್ಲಿಂದ ಎಲ್‌ಸಿಗೆ, ಅಂದರೆ ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರಕ್ಕೆ, ಬರುತ್ತದೆ. ಮಗುವನ್ನು ಸೇರಿಸುವಾಗ ಪಕ್ಕದವರು ಫಾರ್ಮ್ ತುಂಬಿ "ಮರಾಠಿ" ಎಂದೋ "ಹಿಂದಿ" ಎಂದೋ ಬರೆದಿರುತ್ತಾರೆ. ಹತ್ತು ವರ್ಷ ಯಾರೂ ನೋಡುವುದಿಲ್ಲ. ನನ್ನ ತಂಗಿಯ ಮಗನಿಗೆ ಹೀಗೇ ಆಯಿತು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ಎಲ್‌ಸಿಯಲ್ಲಿ ಮಾತ್ರ ಮರಾಠಿ. ಕನ್ನಡದವರ ಸಂಸ್ಥೆಯೊಂದರ ಜೂನಿಯರ್ ಕಾಲೇಜಿನಲ್ಲಿ ಭಾಷಾ ಅಲ್ಪಸಂಖ್ಯಾತರ ಕೋಟಾದಲ್ಲಿ ಸೀಟು ಕೇಳಲು ಹೋದಾಗ ಆ ಒಂದು ಶಬ್ದಕ್ಕೆ ಬಾಗಿಲು ಮುಚ್ಚಿತು. ತಂಗಿ ಅವತ್ತು ರೈಲಿನಲ್ಲಿ ಅತ್ತುಕೊಂಡು ಬಂದಳು. ತಪ್ಪು ನನ್ನದೂ ಹೌದು, ಮೇಷ್ಟ್ರಾಗಿದ್ದೂ ನಾನು ನೋಡಿರಲಿಲ್ಲ.

ಶಾಲೆ ಬಿಟ್ಟ ಮೇಲೆ ರಿಜಿಸ್ಟರ್ ತಿದ್ದಿಸುವುದು ಬಹಳ ಕಷ್ಟ. ಮಗು ಶಾಲೆಯಲ್ಲಿ ಇರುವಾಗಲೇ ಅರ್ಜಿ ಕೊಟ್ಟು ಮಾಡಿಸಿ.

4. ಊರಿನ ಪ್ರಮಾಣಪತ್ರ ಇಲ್ಲಿ ನಡೆಯುತ್ತದಾ?

ಕರ್ನಾಟಕದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಟ್ಟುಕೊಂಡು ಮಹಾರಾಷ್ಟ್ರದ ಮೀಸಲಾತಿ ಕೇಳಲು ಬರುವುದಿಲ್ಲ. ಇಲ್ಲಿನ ಪ್ರಮಾಣಪತ್ರ ಬೇಕು. ಅದಕ್ಕೆ ನಿಮ್ಮ ಜಾತಿ ಇಲ್ಲಿನ ಪಟ್ಟಿಯಲ್ಲಿ ಇರಬೇಕು, ಮನೆಯವರು ಒಂದು ನಿಗದಿತ ದಿನಕ್ಕೆ ಮೊದಲೇ ಈ ರಾಜ್ಯದಲ್ಲಿ ವಾಸವಾಗಿದ್ದರು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ ಆ ದಿನ 1950ರ ಆಗಸ್ಟ್ 10. ಒಬಿಸಿಗೆ 1967ರ ಅಕ್ಟೋಬರ್ 13.

ಅಷ್ಟು ಹಿಂದಿನ ಕಾಗದ ಎಲ್ಲಿಂದ ತರುವುದು ಎಂದು ಕೈಚೆಲ್ಲಬೇಡಿ. ನಿಮ್ಮ ಅಜ್ಜ ಹದಿಮೂರನೇ ವರ್ಷಕ್ಕೆ ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತವರಾಗಿದ್ದರೆ, ಆ ಶಾಲೆಯ ರಿಜಿಸ್ಟರಿನಲ್ಲಿ ಅವರ ಹೆಸರು ಇರುತ್ತದೆ. ಆ ಹಳೆಯ ದಾಖಲೆಯ ನಕಲು ತುಂಬ ಬೆಲೆಯ ಕಾಗದ. ನಾನು ಪಾಠ ಮಾಡಿದ ಶಾಲೆಯಲ್ಲೇ ಮೊಮ್ಮಕ್ಕಳು ಬಂದು ಅಜ್ಜನ ಹೆಸರು ಹುಡುಕಿದ್ದನ್ನು ಕಂಡಿದ್ದೇನೆ. ಕಂದು ಬಣ್ಣಕ್ಕೆ ತಿರುಗಿದ ಪುಟದಲ್ಲಿ ಆ ಹೆಸರು ಸಿಕ್ಕಾಗ ಹುಡುಗಿಯೊಬ್ಬಳು ಅದರ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ತೆಗೆಯಲಿಲ್ಲ.

ಈ ರಾಜ್ಯದ ವಾಸಿ ಎನ್ನುವ ಡೊಮಿಸೈಲ್, ಆದಾಯ ಪ್ರಮಾಣಪತ್ರ, ಒಬಿಸಿಯವರಿಗೆ ಆದಾಯ ಮಿತಿ ದಾಟಿಲ್ಲ ಎನ್ನುವ ನಾನ್ ಕ್ರೀಮಿ ಲೇಯರ್, ಇವುಗಳಿಗೆ ಸರ್ಕಾರಿ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರದಲ್ಲಿ ಅಥವಾ ರಾಜ್ಯ ಸರ್ಕಾರದ ಆಪಲೇ ಸರ್ಕಾರ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಫೆಬ್ರವರಿಯಲ್ಲೇ ಹಾಕಿ.

5. ಪರೀಕ್ಷೆಯ ದಿನಗಳು

2025ರಲ್ಲಿ ಪರೀಕ್ಷೆ ಫೆಬ್ರವರಿ 21ರಿಂದ ಮಾರ್ಚ್ 17ರವರೆಗೆ ನಡೆಯಿತು. ಮೊದಲೆಲ್ಲ ಮಾರ್ಚ್ ಎಂದರೆ ಪರೀಕ್ಷೆ. ಈಗ ಫೆಬ್ರವರಿಯಲ್ಲೇ ತಯಾರಾಗಿರಬೇಕು. ಬೆಳಗಿನ ಪತ್ರಿಕೆ ಹನ್ನೊಂದಕ್ಕೆ. 2023ರಿಂದ ಹತ್ತು ನಿಮಿಷ ಮೊದಲೇ ಪತ್ರಿಕೆ ಕೊಡುವುದನ್ನು ನಿಲ್ಲಿಸಿ, ಕೊನೆಯಲ್ಲಿ ಹತ್ತು ನಿಮಿಷ ಹೆಚ್ಚು ಕೊಡುತ್ತಿದ್ದಾರೆ. ಆ ಹತ್ತು ನಿಮಿಷದಲ್ಲಿ ಹೊಸ ಉತ್ತರ ಶುರು ಮಾಡುವ ಬದಲು ಪ್ರಶ್ನೆ ಸಂಖ್ಯೆ ಸರಿ ಇದೆಯಾ, ಹೆಚ್ಚುವರಿ ಹಾಳೆ ಕಟ್ಟಿದೆಯಾ ನೋಡಲು ಹೇಳಿ.

ಸೆಂಟರ್ ದೂರ ಇದ್ದರೆ ವಾರದ ದಿನವೇ, ಅದೇ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಭಾನುವಾರ ಹಳಿ ದುರಸ್ತಿಗೆ ರೈಲು ಕಡಿಮೆ ಮಾಡುವ ಮೆಗಾ ಬ್ಲಾಕ್ ಇರುತ್ತದೆ, ಆ ದಿನದ ಲೆಕ್ಕ ಸುಳ್ಳು. ಬೆಳಗ್ಗೆ ಡೊಂಬಿವಲಿಯಲ್ಲಿ ಎಂಟೂವರೆಯ ಲೋಕಲ್‌ಗೆ ನಿಮಗೇ ಹತ್ತಲು ಆಗುವುದಿಲ್ಲ, ಇನ್ನು ಕೈಯಲ್ಲಿ ಪ್ಯಾಡ್ ಹಿಡಿದ ಮಗು ಹೇಗೆ ಹತ್ತಬೇಕು? ಒಂದು ಗಂಟೆ ಮೊದಲೇ ಹೊರಡಿ, ಸೆಂಟರಿನ ಹತ್ತಿರ ಕೂತು ತಿಂಡಿ ಕೊಡಿ. ತಿಂಡಿ ದಿನವೂ ತಿನ್ನುವುದೇ ಇರಲಿ. ಇಡ್ಲಿಯೋ ಗಂಜಿಯೋ, ಮಗುವಿನ ಹೊಟ್ಟೆಗೆ ಪರಿಚಯ ಇರುವುದು.

ಮನೆಯಲ್ಲಿ ಒಂದೇ ಕೋಣೆ, ಓದಲು ಜಾಗ ಇಲ್ಲ ಎನ್ನುವವರು ನಮ್ಮಲ್ಲಿ ಬಹಳ. ನಿಮ್ಮ ಉಪನಗರದ ಕನ್ನಡ ಸಂಘ, ತುಳು ಸಂಘ, ಭಜನಾ ಮಂದಿರದವರನ್ನು ಕೇಳಿ. ಹಗಲು ಹೊತ್ತು ಆ ಹಾಲ್‌ಗಳು ಖಾಲಿ ಇರುತ್ತವೆ. ಎರಡು ತಿಂಗಳಿಗೆ ಬೀಗದಕೈ ಕೊಡಿ ಎಂದು ಕೇಳಿದರೆ ಇಲ್ಲ ಎಂದವರನ್ನು ನಾನು ಕಂಡಿಲ್ಲ.

6. ರಿಸಲ್ಟ್‌ಗೆ ಮೊದಲೇ ದಾರಿ ಆರಿಸಿ

ಪರೀಕ್ಷೆ ಮುಗಿದ ಮೇಲೆ ರಿಸಲ್ಟ್ ಬರುವತನಕ ಸುಮಾರು ಎರಡು ತಿಂಗಳು. 2025ರಲ್ಲಿ ಮೇ 13ಕ್ಕೆ ಬಂತು. ಊರಿಗೆ ಹೋಗಿ ಹಲಸಿನ ಹಣ್ಣು ತಿಂದು ಬರಲಿ, ಬೇಡ ಎನ್ನುವುದಿಲ್ಲ. ಆದರೆ ಹೊರಡುವ ಮೊದಲು ಒಂದು ಸಂಜೆ ಆ ನಾಲ್ಕು ಕಾಲಂ ಹಾಳೆ ಮತ್ತೆ ಬಿಚ್ಚಿ.

ಮಾರ್ಕ್ಸ್ 90 ದಾಟಿದರೆ ಸೈನ್ಸ್, 70ಕ್ಕೆ ಕಾಮರ್ಸ್, ಅದಕ್ಕೂ ಕೆಳಗೆ ಆರ್ಟ್ಸ್. ನಮ್ಮ ಜನ ಹಾಕಿಕೊಂಡ ಈ ಲೆಕ್ಕದಷ್ಟು ಮಕ್ಕಳನ್ನು ಕೆಡಿಸಿದ್ದು ಬೇರೊಂದಿಲ್ಲ. ನೋಡಬೇಕಾದ್ದು ಯಾವ ಪತ್ರಿಕೆಯಲ್ಲಿ ಮಗು ಕೇಳಿದ್ದಕ್ಕಿಂತ ಜಾಸ್ತಿ ಬರೆದಿದೆ, ಯಾವ ವಿಷಯಕ್ಕೆ ಎಬ್ಬಿಸದೆ ತಾನೇ ಎದ್ದು ಕೂತಿದೆ ಎಂಬುದು.

ಸೈನ್ಸ್ ಎಂದರೆ ಎರಡು ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ ಬಿಡುವಂತಿಲ್ಲ. ಎಂಜಿನಿಯರಿಂಗ್ ಯೋಚನೆ ಇದ್ದರೆ ಗಣಿತ, ಡಾಕ್ಟರ್ ಎಂದರೆ ಜೀವಶಾಸ್ತ್ರ. ಎರಡೂ ಇಟ್ಟುಕೊಳ್ಳಬಹುದು, ಭಾರವೂ ಎರಡು. ಕೆಲವು ಕಾಲೇಜುಗಳಲ್ಲಿ ಬೈಫೋಕಲ್ ಎಂಬ ಕೆಲಸ ಕಲಿಸುವ ವಿಷಯ ಇದೆ. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ 200 ಅಂಕಕ್ಕೆ, ಅದರ ಬದಲು ಎರಡನೇ ಭಾಷೆಯೂ ಇನ್ನೊಂದು ಐಚ್ಛಿಕ ವಿಷಯವೂ ಇರುವುದಿಲ್ಲ. ಮುಂದೆ ಎಂಜಿನಿಯರಿಂಗ್‌ನ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಹನ್ನೆರಡನೆಯದು, 20 ಪಾಲು ಹನ್ನೊಂದನೆಯದು. ಹನ್ನೊಂದನೆಯದನ್ನು ವಿಶ್ರಾಂತಿ ವರ್ಷ ಎಂದುಕೊಂಡವರಿಗೆ ಆ 20 ಮಾತ್ರ ಅಲ್ಲ, ಮುಂದಿನ 80ರ ಬುಡವೂ ಹೋಗುತ್ತದೆ.

ಕಾಮರ್ಸ್ ಸುಲಭ ಎನ್ನುವುದು ಸುಳ್ಳು. ಬುಕ್ ಕೀಪಿಂಗ್‌ನಲ್ಲಿ ಒಂದು ನಮೂದು ತಪ್ಪಿದರೆ ಕೊನೆಯ ತಾಳೆ ಕೂಡುವುದಿಲ್ಲ. ಅದನ್ನು ಹುಡುಕುತ್ತ ಕೂರುವ ತಾಳ್ಮೆ ಇರುವ ಮಗುವಿಗೆ ಅದು ಚಂದದ ಓದು. ಗಣಿತ ಬೇಕಾ ಬೇಡವಾ ಎಂದು ಕೇಳುತ್ತಾರೆ. ಆಗುವುದಾದರೆ ಇಟ್ಟುಕೊಳ್ಳಿ. ಮುಂದೆ ಅಂಕಿಅಂಶ, ಹಣಕಾಸು, ಮ್ಯಾನೇಜ್‌ಮೆಂಟ್ ಓದುವವರಿಗೆ ಅದು ಕೈ ಹಿಡಿಯುತ್ತದೆ. ಆರ್ಟ್ಸ್ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ತಾತ್ಸಾರ ಹೋಗಬೇಕು. ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಕಾನೂನು, ಪತ್ರಿಕೋದ್ಯಮದ ಕಡೆಗೆ ಅಲ್ಲಿಂದ ನೇರ ದಾರಿ ಇದೆ. ಕನ್ನಡ ಓದುವ ಆಸೆ ಇದ್ದವರಿಗೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ.

ಹನ್ನೊಂದನೆಯದು ಒಂದೇ ದಾರಿ ಅಲ್ಲ. ಕೈ ಓಡುವ ಮಕ್ಕಳಿಗೆ ಹತ್ತರ ನಂತರ ಮೂರು ವರ್ಷದ ಡಿಪ್ಲೊಮಾ ಇದೆ. ಬಾಂದ್ರಾದ ಗವರ್ನ್‌ಮೆಂಟ್ ಪಾಲಿಟೆಕ್ನಿಕ್, ಮಾಟುಂಗಾದ ವಿಜೆಟಿಐ ಎರಡೂ ಕಡೆ ಡಿಪ್ಲೊಮಾ ಕೋರ್ಸ್‌ಗಳಿವೆ. ಅದು ಮುಗಿಸಿದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಪ್ರವೇಶ ಬೇರೆ, ಫಾರ್ಮ್ ಬೇರೆ, ದಿನಾಂಕ ಬೇರೆ. ಐಟಿಐ ಕೂಡ ಹಾಗೇ.

ಇನ್ನು ನಮ್ಮವರ ಹಳೆಯ ಪ್ರಶ್ನೆ. ಪಿಯುಸಿಗೆ ಊರಿಗೆ ಕಳಿಸುವುದಾ? ಮಂಗಳೂರು, ಮೂಡುಬಿದಿರೆ ಕಡೆ ಹಾಸ್ಟೆಲಿಗೆ ಹಾಕುವ ಮನೆಗಳು ತುಂಬ ಇವೆ. ಓದಿನ ಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಲೆಕ್ಕ ಮೊದಲೇ ಹಾಕಿ. ಮಹಾರಾಷ್ಟ್ರದ ರಾಜ್ಯ ಕೋಟಾದ ಎಂಬಿಬಿಎಸ್ ಸೀಟಿಗೆ ಸಾಮಾನ್ಯವಾಗಿ 10 ಮತ್ತು 12 ಎರಡೂ ಇಲ್ಲೇ ಪಾಸಾಗಿರಬೇಕು. ಕರ್ನಾಟಕದ ಸಿಇಟಿಯಲ್ಲಿ ಮಾಮೂಲಿ ನಿಯಮ ಏಳು ವರ್ಷ ಅಲ್ಲಿ ಓದಿರಬೇಕು ಎನ್ನುವುದು. ಹೊರಗೆ ಬೆಳೆದ ಮಗುವಿಗೆ ಅಲ್ಲಿ ಇನ್ನೊಂದು ದಾರಿ ಇದೆ. ಮಗು ಹನ್ನೊಂದು, ಹನ್ನೆರಡು ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿ, ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ಹಾಗಾಗಿ ಮಗುವನ್ನು ಬಸ್ ಹತ್ತಿಸುವ ಮೊದಲು ನಿಮ್ಮ ಶಾಲೆಯ ಕಾಗದ ಊರಿನಲ್ಲಿ ಸಿಗುತ್ತದಾ ನೋಡಿ, ಆ ವರ್ಷದ ಮಾಹಿತಿ ಪುಸ್ತಕ ಪೂರ್ತಿ ಓದಿ. ಎರಡೂ ಕಡೆ ಇಲ್ಲದಂತೆ ಆಗಬಾರದು.

7. ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಸಿಗೆಯ ಕೆಲಸ

ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಿಂದ, ರಾತ್ರಿ ಶಾಲೆಗಳಿಂದ ಬರುವ ಮಕ್ಕಳು ಹನ್ನೊಂದನೆಯದರಲ್ಲಿ ಸೀದಾ ಇಂಗ್ಲಿಷಿಗೆ ಬೀಳುತ್ತಾರೆ. ಮೊದಲ ಯೂನಿಟ್ ಟೆಸ್ಟ್‌ನಲ್ಲಿ ಸೊನ್ನೆ ಬಂದು ಓದೇ ಬಿಟ್ಟವರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಬುದ್ಧಿವಂತ ಮಕ್ಕಳು ಅವರು.

ಇದಕ್ಕೊಂದು ಸುಲಭ ದಾರಿ ಇದೆ. ಬಾಲಭಾರತಿಯ ಹತ್ತನೆಯ ವಿಜ್ಞಾನ, ಗಣಿತ ಪುಸ್ತಕಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಪಾಠ ಅವೇ, ಚಿತ್ರ ಅವೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದಿ. ವಕ್ರೀಭವನ ಇದ್ದ ಜಾಗದಲ್ಲಿ ರಿಫ್ರ್ಯಾಕ್ಷನ್, ಮಸೂರ ಇದ್ದಲ್ಲಿ ಲೆನ್ಸ್, ವೇಗೋತ್ಕರ್ಷ ಇದ್ದಲ್ಲಿ ಆಕ್ಸಲರೇಷನ್. ವಿಷಯ ಆಗಲೇ ಗೊತ್ತಿದೆ, ಹೆಸರು ಮಾತ್ರ ಹೊಸದು. ಒಂದು ವಹಿಯಲ್ಲಿ ಬರೆದು ಜೋರಾಗಿ ಹೇಳಿ. ಏಪ್ರಿಲ್, ಮೇ ಎರಡು ತಿಂಗಳು ಮಾಡಿದ ಹುಡುಗಿಯೊಬ್ಬಳು ಜುಲೈಯಲ್ಲಿ ಬಂದು, "ಸರ್, ಮೇಡಂ ಹೇಳುವ ಮೊದಲೇ ನನಗೆ ಗೊತ್ತಾಗ್ತದೆ" ಎಂದಳು.

8. ರಿಸಲ್ಟ್ ಮತ್ತು ಹನ್ನೊಂದನೆಯ ಫಾರ್ಮ್

ಮಾರ್ಕ್ಸ್ ಕಡಿಮೆ ಎನಿಸಿದರೆ ಮೊದಲು ಉತ್ತರಪತ್ರಿಕೆಯ ಝೆರಾಕ್ಸ್ ಪ್ರತಿಗೆ ಅರ್ಜಿ ಹಾಕಿ. ಅದು ಬಂದ ಮೇಲೆ ವಿಷಯದ ಶಿಕ್ಷಕರಿಗೆ ತೋರಿಸಿ ಮರುಮೌಲ್ಯಮಾಪನ ಕೇಳಬೇಕಾ ಎಂದು ತೀರ್ಮಾನಿಸಿ. ದಿನಗಳು ಕಡಿಮೆ ಇರುತ್ತವೆ, ತಡ ಮಾಡಬೇಡಿ.

ಒಂದೋ ಎರಡೋ ವಿಷಯ ಹೋದರೆ ವರ್ಷ ಹಾಳಾಯಿತು ಎಂದು ಅಳಬೇಡಿ. ಉಳಿದ ವಿಷಯ ಆಮೇಲೆ ಪಾಸು ಮಾಡಿಕೊಳ್ಳುವ ಎಟಿಕೆಟಿ ಸೌಲಭ್ಯದಲ್ಲಿ ಹನ್ನೊಂದನೆಯದಕ್ಕೆ ಸೇರಬಹುದು. ಪೂರಕ ಪರೀಕ್ಷೆ ಜೂನ್, ಜುಲೈ ಹೊತ್ತಿಗೇ ಇರುತ್ತದೆ. ಓದು ಬಿಟ್ಟು ಹೋಟೆಲಿಗೋ ಅಂಗಡಿಗೋ ಸೇರಿದ ಹುಡುಗರು ಹದಿನೇಳು ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಹತ್ತನೆಯದಕ್ಕೆ ಕೂರಬಹುದು. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ದಯವಿಟ್ಟು ಹೇಳಿ.

ಹನ್ನೊಂದನೆಯ ಆನ್‌ಲೈನ್ ಪ್ರವೇಶ ಮೊದಲು ಮುಂಬಯಿ, ಪುಣೆಯಂಥ ದೊಡ್ಡ ನಗರಗಳಿಗೆ ಮಾತ್ರ ಇತ್ತು. 2025–26ರಿಂದ ಇಡೀ ರಾಜ್ಯಕ್ಕೆ ಬಂದಿದೆ. ಫಾರ್ಮ್ ಎರಡು ಭಾಗ. ಮೊದಲನೆಯದರಲ್ಲಿ ಮಗುವಿನ ವಿವರ, ಎರಡನೆಯದರಲ್ಲಿ ಕಾಲೇಜುಗಳ ಪಟ್ಟಿ, ಹತ್ತರವರೆಗೆ ಬರೆಯಬಹುದು. ಮೊದಲ ಆಯ್ಕೆಯೇ ಸಿಕ್ಕಿದರೆ ಸೇರಲೇಬೇಕು. ಬೇಡ ಎಂದರೆ ಮುಂದಿನ ಮಾಮೂಲಿ ಸುತ್ತುಗಳಿಂದ ಹೊರಗೆ. ಹಾಗಾಗಿ ಹೆಸರಿಗೆಂದು ಮಾಟುಂಗಾದ ದೊಡ್ಡ ಕಾಲೇಜುಗಳಾದ ರುಯಿಯಾ, ಪೋದಾರ್ ಬರೆದು ಕೈಕಟ್ಟಿ ಕೂರಬೇಡಿ. ಹಿಂದಿನ ವರ್ಷದ ಕಟ್ ಆಫ್ ನೋಡಿ, ಎರಡು ಮೂರು ಆಸೆಯವು, ನಾಲ್ಕೈದು ಸಿಗುವಂಥವು, ಕೊನೆಗೆ ಎರಡು ಖಂಡಿತ ಸಿಗುವಂಥವು ಬರೆಯಿರಿ.

ಕೋಟಾ ಬೇರೆ ಇವೆ. ಅದೇ ಸಂಸ್ಥೆಯ ಶಾಲೆಯಲ್ಲಿ ಓದಿದವರಿಗೆ ಇನ್‌ಹೌಸ್ ನೂರಕ್ಕೆ 10 ಪಾಲು, ಮ್ಯಾನೇಜ್‌ಮೆಂಟ್ 5 ಪಾಲು. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಆ ಸಮುದಾಯಕ್ಕೆ 50 ಪಾಲು. ಮುಂಬಯಿ, ಪುಣೆಯಲ್ಲಿ ಕನ್ನಡಿಗರು, ತುಳುವರು ಕಟ್ಟಿದ ಶಿಕ್ಷಣ ಸಂಸ್ಥೆಗಳು ಬಹಳ. ವಡಾಲಾದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಸಂಸ್ಥೆ, ಪುಣೆಯಲ್ಲಿ ಕನ್ನಡ ಸಂಘದ ಕಾವೇರಿ. ಯಾವ ಸಂಸ್ಥೆಗೆ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇದೆ, ಯಾವ ಭಾಷೆಗೆ ಇದೆ, ಯಾವ ದಾಖಲೆ ಕೇಳುತ್ತಾರೆ ಎಂದು ಮೇ ತಿಂಗಳಲ್ಲೇ ಆಫೀಸಿಗೆ ಹೋಗಿ ಕೇಳಿ. ಮಾತೃಭಾಷೆಯ ಕಾಲಂ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ.

ಮತ್ತೊಂದು ಮಾತು, ರೈಲಿನ ದಿಕ್ಕು. ಬೆಳಗ್ಗೆ ಜನ ಎಲ್ಲ ದಾದರ್, ಸಿಎಸ್‌ಎಂಟಿ ಕಡೆ ಹೋಗುತ್ತಾರೆ. ಡೊಂಬಿವಲಿಯ ಮಗು ಕಲ್ಯಾಣ್ ಕಡೆಯ ಕಾಲೇಜಿಗೆ ಹೋದರೆ ಕೂತು ಓದಿಕೊಂಡು ಹೋಗಬಹುದು. ಮಾಟುಂಗಾಕ್ಕೆ ಹೋದರೆ ದಿನಕ್ಕೆ ಎರಡೂವರೆ ಗಂಟೆ ನಿಂತೇ. ಎರಡು ಪರ್ಸೆಂಟ್ ಕಟ್ ಆಫ್‌ನ ಹೆಮ್ಮೆಗೆ ಮಗುವಿನ ಅಷ್ಟು ಹೊತ್ತನ್ನು ಕೊಡಬೇಕಾ? ನಾನಾದರೆ ಕೊಡುವುದಿಲ್ಲ. ಕಾಲೇಜು ಬೆಳಗಿನ ಪಾಳಿಯಾ ಮಧ್ಯಾಹ್ನದ್ದಾ ಎಂದೂ ಕೇಳಿ.

9. ಕಾಲೇಜಿನ ಮೊದಲ ತಿಂಗಳು

ಮೊದಲ ವಾರವೇ ರೈಲ್ವೆ ಕನ್ಸೆಷನ್ ಫಾರ್ಮ್ ಕಾಲೇಜಿನ ಆಫೀಸಿನಲ್ಲಿ ತೆಗೆದುಕೊಳ್ಳಿ. ಎಲ್‌ಸಿ ಒಪ್ಪಿಸುವ ಮೊದಲು ಹತ್ತು ಝೆರಾಕ್ಸ್, ಫೋನಿನಲ್ಲೂ ಒಂದು ಪ್ರತಿ. ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿ ಇಳಿಸಿಕೊಳ್ಳಿ.

ಹಾಜರಾತಿ 75 ಪಾಲು ಬೇಕು. ಕಾಲೇಜಿಗೆ ಬರುವುದೇ ಬೇಡ, ಕೋಚಿಂಗ್‌ನಲ್ಲೇ ಎಲ್ಲ ಆಗುತ್ತದೆ ಎಂದು ಯಾರಾದರೂ ಹೇಳಿದರೆ ದುಡ್ಡು ಕಟ್ಟುವ ಮೊದಲು ಎರಡು ಸಲ ಯೋಚಿಸಿ. ಹದಿನಾರರ ವಯಸ್ಸಿಗೆ ಗೆಳೆಯರು ಬೇಕು, ಮೈದಾನ ಬೇಕು, ಲೈಬ್ರರಿ ಬೇಕು. ಬೆಳಗ್ಗೆಯಿಂದ ರಾತ್ರಿವರೆಗೆ ಒಂದು ಎಸಿ ಕೋಣೆಯಲ್ಲಿ ಕೂತ ಮಕ್ಕಳ ಮುಖ ನಾನು ನೋಡಿದ್ದೇನೆ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಮಾತು ಬಿಟ್ಟರೆ ಮಾರ್ಕ್ಸ್ ವಿಷಯ ಎತ್ತಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಬೇಕಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸ್ಟ್ರೀಮ್ ಹೊಂದಲಿಲ್ಲ ಎಂದು ಮೊದಲ ತಿಂಗಳಲ್ಲೇ ಮಗು ಹೇಳಿದರೆ ಕಾಲೇಜಿನಲ್ಲಿ ವಿಚಾರಿಸಿ. ಜಾಗ ಇದ್ದರೆ ಬದಲಿಸಲು ಆಗ ಸಾಧ್ಯ, ದೀಪಾವಳಿ ಕಳೆದ ಮೇಲೆ ಕಷ್ಟ.

ಕಲ್ವಾದ ಹುಡುಗ ಕಾಮರ್ಸಿಗೆ ಹೋಗಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದ. ಗಣೇಶ ಚತುರ್ಥಿ ಕಳೆದ ಮೇಲೆ ಒಂದು ಭಾನುವಾರ ಅಮ್ಮನ ಜೊತೆ ಬಂದ. ಈ ಸಲ ಬ್ಯಾಗಿನ ತಳದಲ್ಲಿ ಮಡಿಚಿದ್ದು ಏನೂ ಇರಲಿಲ್ಲ. ಉದ್ದದ ಡಬ್ಬಿಯಿಂದ ಡ್ರಾಯಿಂಗ್ ಶೀಟ್ ತೆಗೆದು ನಮ್ಮ ಮಂಚದ ಮೇಲೆ ಹಾಸಿದ. ನಾಲ್ಕು ಮೂಲೆಗೆ ಅವನಮ್ಮ ನಮ್ಮ ಅಡುಗೆಮನೆಯಿಂದ ಸ್ಟೀಲ್ ಲೋಟ ತಂದಿಟ್ಟರು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕಂಸಗಳೆಲ್ಲ ತೆಳ್ಳಗೆ ಹಾಗೇ ಇದ್ದವು, ಒಂದನ್ನೂ ಒರೆಸಿರಲಿಲ್ಲ.